ಜರ್ಕಿನ್ನಿನ ಜೊತೆ ಫ್ರೀ ಬಂದ ವಿಷ

ಪೇಪರು ಓದುವುದರಲ್ಲಿ ಇಡೀ ಶಿಗ್ಗಾಂವಿಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನು ಬಹಳ ವರ್ಷಗಳಿಂದ ನಂಬಿಕೊಂಡು ಬಂದಿದ್ದೇನೆ. ಕಿರಾಣಿ ಅಂಗಡಿಯವನಿಗೆ ಪೇಪರು ಎರಡು ಸಲ ಉಪಯೋಗಕ್ಕೆ ಬರುತ್ತದೆ. ಬೆಳಿಗ್ಗೆ ಓದುವುದಕ್ಕೆ, ಮಧ್ಯಾಹ್ನ ಸಾಸಿವೆ ಕಟ್ಟುವುದಕ್ಕೆ. ಬೇರೆಯವರು ಓದದೆ ಬಿಡುವ ಮೂಲೆಯ ಸುದ್ದಿಗಳನ್ನು ನಾನು ಪೊಟ್ಟಣ ಕಟ್ಟುವಾಗ ಓದಿ ಮುಗಿಸುತ್ತೇನೆ. ಹೀಗೆ ಒಂದು ದಿನ ಜೀರಿಗೆ ಕಟ್ಟುತ್ತಿದ್ದಾಗಲೇ ಆ ಭಯಂಕರ ಸುದ್ದಿ ನನ್ನ ಕಣ್ಣಿಗೆ ಬಿತ್ತು.

ನೀರು ತಾಗದ ಜರ್ಕಿನ್ನು, ರೇನ್‌ಕೋಟುಗಳಿಗೆ ಫ್ಲೋರಿನ್ ಸೇರಿದ ಒಂದು ಜಾತಿಯ ರಾಸಾಯನಿಕ ಬಳಿಯುತ್ತಾರಂತೆ. ಮಳೆಹನಿ ಬಟ್ಟೆಗೆ ಅಂಟದೆ ಉರುಳಿ ಹೋಗುವುದು ಅದರ ಮಹಿಮೆಯಂತೆ. ಆದರೆ ಆ ಪದಾರ್ಥ ಕೊಳೆಯುವುದಿಲ್ಲ, ಕರಗುವುದಿಲ್ಲ. ಬಟ್ಟೆಯಿಂದ ನೀರಿಗೆ ಸೇರಿ, ನೀರಿನಿಂದ ಮನುಷ್ಯನ ರಕ್ತಕ್ಕೆ ಬಂದು ಠಿಕಾಣಿ ಹೂಡುತ್ತದಂತೆ. "ಇದನ್ನು ಉಡುಪುಗಳಿಂದ ಸಂಪೂರ್ಣವಾಗಿ ತೊಲಗಿಸಲು ಈಗ" ಎನ್ನುವಲ್ಲಿಗೆ ಕಾಗದ ಹರಿದಿತ್ತು. ಉಳಿದರ್ಧ ಯಾರದೋ ಮನೆಗೆ ಜೀರಿಗೆ ಹೊತ್ತುಕೊಂಡು ಹೋಗಿಯಾಗಿತ್ತು.

ನನಗೆ ಅರ್ಧ ಸಾಕು. ಅರ್ಧ ಓದಿ ಪೂರ್ತಿ ತಿಳಿದುಕೊಳ್ಳುವುದು ನಮ್ಮ ಮನೆತನದಲ್ಲೇ ಇದೆ!

ನಮ್ಮದು ಮುಂದೆ ಅಂಗಡಿ, ಹಿಂದೆ ಮನೆ. ತಲೆಯೆತ್ತಿ ಹಿಂದಕ್ಕೆ ನೋಡಿದರೆ ಪಡಸಾಲೆಯ ಗೂಟದಲ್ಲಿ ಒಂದು ನೀಲಿ ಜರ್ಕಿನ್ ತೂಗಾಡುತ್ತಿತ್ತು. ಅದು ನಮ್ಮದಲ್ಲ. ನಮ್ಮದಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅದು ಮಂಜುನಾಥನದು.

ಮಂಜುನಾಥ ಯಾರು ಎನ್ನುವುದನ್ನು ಹೇಳಬೇಕು. ಹಿರೇಕೆರೂರಿನ ಹುಡುಗ. ದುಂಡಸಿ ಕಡೆಯ ಹಳ್ಳಿಗಳಲ್ಲಿ ದನದ ಡಾಕ್ಟರ್. ಸವಣೂರಿನ ಶಾಲೆಯೊಂದರಲ್ಲಿ ಟೀಚರ್ ಆಗಿರುವ ನನ್ನ ಮಗಳು ಸುನಂದಾಳನ್ನು ನೋಡಲು ಹಿಂದಿನ ಭಾನುವಾರ ತಂದೆ ತಾಯಿಯನ್ನು ಕರೆದುಕೊಂಡು ಬಂದಿದ್ದ. ಅಲ್ಲಿಯವರೆಗೆ ಬಂದ ಹುಡುಗರನ್ನೆಲ್ಲ ಏನಾದರೊಂದು ನೆವ ತೆಗೆದು ಸುನಂದಾ ತಿರುಗಿ ಕಳಿಸಿದ್ದಳು. ಒಬ್ಬನ ನಗು ಸರಿಯಿಲ್ಲ, ಇನ್ನೊಬ್ಬ ಚಹಾ ಕುಡಿಯುವಾಗ ಸಪ್ಪಳ ಮಾಡುತ್ತಾನೆ. ಈ ಹುಡುಗ ಹೋದ ಮೇಲೆ ಮಾತ್ರ ಅವಳು ಏನೂ ಅನ್ನದೆ ಚಹಾದ ಕಪ್ಪು-ಬಸಿಗಳನ್ನು ತಾನೇ ತೊಳೆದಳು. ಅದನ್ನು ನೋಡಿ ನನ್ನ ಹೆಂಡತಿ ಗಿರಿಜಾಳ ಕಣ್ಣಲ್ಲಿ ನೀರು ಬಂತು. ಆದರೆ ಹುಡುಗನ ತಾಯಿ ಬಾಯಿ ಬಿಟ್ಟು ಒಪ್ಪಿಗೆ ಹೇಳಿರಲಿಲ್ಲ. "ವಿಚಾರ ಮಾಡಿ ತಿಳಸ್ತೇವ್ರಿ" ಎಂದು ಹೋಗಿದ್ದರು. ಆ ಒಂದು ಮಾತಿಗಾಗಿ ನಮ್ಮ ಮನೆ ಉಸಿರು ಹಿಡಿದುಕೊಂಡು ಕೂತಿತ್ತು.

ಅವರು ಬಂದಾಗ ಜೋರು ಮಳೆ, ಹೋಗುವಾಗ ಚುರುಗುಟ್ಟುವ ಬಿಸಿಲು. ಶ್ರಾವಣದ ಹಣೆಬರಹವೇ ಅಷ್ಟು. ತಂದೆ ತಾಯಿಯನ್ನು ಬಸ್ಸಿಗೆ ಹತ್ತಿಸಿ ತಾನು ಬೈಕಿನ ಮೇಲೆ ಬಂದಿದ್ದ ಹುಡುಗ ಜರ್ಕಿನ್ನನ್ನು ಗೂಟದಲ್ಲೇ ಮರೆತು ಹೋದ. ಬರುವ ಭಾನುವಾರ ಬಂದು ಒಯ್ಯುತ್ತೇನೆ ಎಂದು ಫೋನೂ ಮಾಡಿದ್ದ. ಜರ್ಕಿನ್ ನೆವ, ಸುನಂದಾಳನ್ನು ನೋಡಲು ಬರುತ್ತಾನೆ ಎಂದು ಗಿರಿಜಾ ಅರ್ಥ ಮಾಡಿಕೊಂಡಳು. ನನಗೆ ಮಾತ್ರ ಕಟ್ಟುನಿಟ್ಟಿನ ಆಜ್ಞೆಯಾಯಿತು.

"ಅದು ಮಂದೀದು. ಅದನ್ನ ನೀವು ಮುಟ್ಟಬ್ಯಾಡ್ರಿ."

ಮುಟ್ಟುವ ಆಸೆ ನನಗೂ ಇರಲಿಲ್ಲ. ಆದರೆ ಪೇಪರು ಓದಿದ ಮೇಲೆ ಕೈ ಕೇಳಬೇಕಲ್ಲ! ಗಿರಿಜಾ ತಂಗಿಯ ಮೊಮ್ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆಂದು ಬಂಕಾಪುರಕ್ಕೆ ಹೋಗಿದ್ದಳು. ಸುನಂದಾ ಶಾಲೆಯಲ್ಲಿದ್ದಳು. ನಾನು ಜರ್ಕಿನ್ನಿನ ಕಾಲರ್ ತಿರುವಿ ಒಳಗಿನ ಚೀಟಿ ಓದಿದೆ. ಇಂಗ್ಲಿಷಿನಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದರು: ಫ್ಲೋರೋಕಾರ್ಬನ್ ಫ್ರೀ.

ಕಾಲರ್ ಕೈಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದೆ.

ಫ್ರೀ ಎನ್ನುವ ಶಬ್ದದ ಮೇಲೆ ನನಗಿರುವಷ್ಟು ಅಧಿಕಾರ ಇನ್ನಾರಿಗಿದೆ? ಬೆಳಗಾದರೆ ಅದರ ಜೊತೆಗೇ ನನ್ನ ಬದುಕು. ಸೋಪಿನ ಜೊತೆ ಬ್ರಷ್ ಫ್ರೀ, ಚಹಾಪುಡಿಯ ಜೊತೆ ಗ್ಲಾಸು ಫ್ರೀ, ಶಾವಿಗೆಯ ಜೊತೆ ಮಸಾಲೆ ಫ್ರೀ. ಕಂಪನಿಯವರು ಯಾವುದನ್ನು ಫ್ರೀ ಕೊಡುತ್ತಾರೆ ಎನ್ನುವುದೂ ನನಗೆ ಗೊತ್ತು. ಯಾರೂ ಕೊಳ್ಳದೆ ಗೋದಾಮಿನಲ್ಲಿ ಉಳಿದದ್ದನ್ನು! ಈ ಭೂಪರು ಜಗತ್ತಿಗೆಲ್ಲ ಬೇಡವಾದ ವಿಷವನ್ನೇ ಜರ್ಕಿನ್ನಿನ ಜೊತೆ ಫ್ರೀ ಕೊಟ್ಟು, ನಾಚಿಕೆಯಿಲ್ಲದೆ ಚೀಟಿಯ ಮೇಲೆ ಬರೆದುಕೊಂಡಿದ್ದರು. ಪಾಪದ ಹುಡುಗ ಫ್ರೀ ಎಂದು ಮರುಳಾಗಿ ತಂದಿದ್ದಾನೆ. ನಾಳೆ ನನ್ನ ಮಗಳು ಇದನ್ನು ಒಗೆಯಬೇಕು, ನನ್ನ ಮೊಮ್ಮಕ್ಕಳು ಇದರ ಮೇಲೆ ತಲೆಯಿಟ್ಟು ಮಲಗಬೇಕು. ಇನ್ನೂ ಒಪ್ಪಿಗೆಯಾಗದ ಮದುವೆಯ ಇನ್ನೂ ಹುಟ್ಟದ ಮೊಮ್ಮಕ್ಕಳ ರಕ್ಷಣೆಯ ಭಾರ ಆ ಕ್ಷಣವೇ ನನ್ನ ಹೆಗಲೇರಿತು.

ತೆಗೆಯುವುದು ಹೇಗೆ? ಉಪಾಯವಿದ್ದ ಅರ್ಧ ಕಾಗದ ಜೀರಿಗೆಯ ಪಾಲಾಗಿತ್ತು. ಆದರೆ ನಮ್ಮ ಸೀಮೆಯವನಿಗೆ ಫ್ಲೋರೈಡ್ ಹೊಸ ಶಬ್ದವೇನಲ್ಲ. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ, ಹಲ್ಲು ಹಳದಿಯಾಗುತ್ತದೆ, ಹುಣಸೆಹಣ್ಣು ತಿಂದರೆ ಅದು ಮೈಯಿಂದ ಹೊರಗೆ ಹೋಗುತ್ತದೆ ಎಂದು ಹಿಂದೊಮ್ಮೆ ಯಾರೋ ಭಾಷಣ ಮಾಡಿದ್ದನ್ನು ಕೇಳಿದ್ದೆ. ಫ್ಲೋರಿನ್ ಎಂದರೇನು, ಫ್ಲೋರೈಡ್ ಎಂದರೇನು, ಒಂದೇ ಬಳಗ. ಮನುಷ್ಯನ ಮೈಯಿಂದ ಹೋಗುವುದು ಬಟ್ಟೆಯಿಂದ ಹೋಗದೇ ಇರುತ್ತದೆಯೇ? ಹುಣಸೆಹಣ್ಣಿಗಂತೂ ನನ್ನ ಅಂಗಡಿಯಲ್ಲಿ ಬರವಿರಲಿಲ್ಲ.

ಬಟ್ಟೆ ನೆನೆಹಾಕುವ ದೊಡ್ಡ ಬುಟ್ಟಿಯಲ್ಲಿ ಬಿಸಿನೀರು ಹಾಕಿ, ಹುಣಸೆಹಣ್ಣು ಕಿವುಚಿ, ಬಣ್ಣ ಹೋಗದಿರಲೆಂದು ಉಪ್ಪು ಸುರಿದು, ಜರ್ಕಿನ್ನನ್ನು ಮುಳುಗಿಸಿದೆ. ಅದು ಮುಳುಗಲಿಲ್ಲ. ನೀರನ್ನು ಮೈಗೆ ಹತ್ತಿಸಿಕೊಳ್ಳದೆ ತೇಲಿ ತೇಲಿ ಮೇಲೆ ಬಂತು. ವಿಷದ ಸೊಕ್ಕು ನೋಡಿ! ಮೇಲೊಂದು ರುಬ್ಬುಗುಂಡು ಹೇರಿದೆ. ಒಂದು ತಾಸಿನ ನಂತರ ವಾಷಿಂಗ್ ಸೋಡಾ ಹಾಕಿ, ತೆಂಗಿನ ನಾರಿನಿಂದ ಬೆನ್ನು ಬೆವರುವವರೆಗೆ ತಿಕ್ಕಿದೆ. ಕಾಲರಿನ ಚೀಟಿ ಕಿತ್ತು ಕೈಗೆ ಬಂತು. ಕಂಪನಿಯ ಅಪರಾಧಕ್ಕೆ ಸಾಕ್ಷಿಯಾಗಿರಲಿ ಎಂದು ಅದನ್ನು ಒಣಗಿಸಿ ಹಣದ ಗಲ್ಲೆಯ ಮೇಲೆ ಇಟ್ಟುಕೊಂಡೆ.

ಕೊನೆಗೆ ಜರ್ಕಿನ್ನನ್ನು ಹರವಿ ಮೇಲೊಂದು ಚೊಂಬು ನೀರು ಸುರಿದೆ. ಮೊದಲು ಹನಿಹನಿಯಾಗಿ ಉರುಳಿ ಓಡುತ್ತಿದ್ದ ನೀರು ಈಗ ಎಲ್ಲಿಯೂ ಓಡಲಿಲ್ಲ. ಬಟ್ಟೆ ಅದನ್ನು ಬಾಯಾರಿದಂತೆ ಕುಡಿದುಬಿಟ್ಟಿತು. ಗೆದ್ದೆ! ವಿಷ ಹೋಗಿದ್ದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕೇ? ಅಷ್ಟರಲ್ಲಿ ಬಂಕಾಪುರದಿಂದ ಬಂದ ಗಿರಿಜಾ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ನಾನು ಸವಿಸ್ತಾರವಾಗಿ ವಿವರಿಸಿದೆ. ಅವಳು ಜರ್ಕಿನ್ನಿನ ಕೆಳಗೆ ಕೈಯಿಟ್ಟು, ಮೇಲೆ ನೀರು ಸುರಿದು, ಒದ್ದೆಯಾದ ಅಂಗೈಯನ್ನು ನನ್ನ ಮುಖದ ಮುಂದೆ ಹಿಡಿದಳು.

"ಹುಡುಗ ಇದನ್ನ ಯಾತಕ್ಕ ಹಾಕ್ಕೋತಾನ್ರಿ?"

ಮಳೆಗೆ, ಎಂದೆ. ಎಂದ ಮೇಲೆ ನನಗೆ ಹೊಳೆಯಿತು. ಮಳೆ ತಡೆಯಲೆಂದು ಇದ್ದ ಒಂದೇ ಗುಣವನ್ನು ನಾನು ನಾರು ಹಾಕಿ ತಿಕ್ಕಿ ತೆಗೆದಿದ್ದೆ. ಗಿರಿಜಾ ಬೈಯಲಿಲ್ಲ. ಅವಳು ಬೈದಿದ್ದರೆ ಚೆನ್ನಾಗಿತ್ತು. ಸುಮ್ಮನೆ ಒಳಗೆ ಹೋಗಿ ದೇವರ ಮುಂದೆ ಕೂತಳು. ಮಗಳಿಗೆ ಒಂದು ಮಾತೂ ಹೇಳಬಾರದು, ಭಾನುವಾರದೊಳಗೆ ಮೊದಲಿನಂತೆ ಮಾಡಬೇಕು ಎಂದಷ್ಟೇ ಅಲ್ಲಿಂದ ಅಪ್ಪಣೆಯಾಯಿತು.

ಪಕ್ಕದ ಟೇಲರ್ ಅಂಗಡಿಯ ಖಾದರಸಾಬ ನನ್ನ ಹಳೆಯ ಗೆಳೆಯ. ಜರ್ಕಿನ್ ಮೂಸಿ ನೋಡಿದ, ನನ್ನ ಮುಖ ನೋಡಿದ. ಹಿಂದಿನ ಕಾಲದಲ್ಲಿ ಬಟ್ಟೆಗೆ ಮೇಣ ಹಚ್ಚಿ ಮಳೆ ತಡೆಯುತ್ತಿದ್ದರು, ತೆಳ್ಳಗೆ ಮೇಣ ಸವರಿ, ಮೇಲೆ ಕಾಗದವಿಟ್ಟು, ಇಸ್ತ್ರಿಪೆಟ್ಟಿಗೆಯನ್ನು ಉಗುರುಬೆಚ್ಚಗೆ ಮಾತ್ರ ಮಾಡಿ ಆಡಿಸಬೇಕು ಎಂದ. ನನಗೆ ಹೋದ ಜೀವ ಬಂತು. ಅವನು ತೆಳ್ಳಗೆ ಎಂದದ್ದು ನನಗೆ ಜಿಪುಣತನವಾಗಿ ಕಂಡಿತು. ಅಳಿಯನ ವಿಷಯದಲ್ಲಿ ಜಿಪುಣತನವೇ? ಅಂಗಡಿಯಲ್ಲಿದ್ದ ಮೇಣದಬತ್ತಿಗಳನ್ನೆಲ್ಲ ಕರಗಿಸಿ, ಮೆತ್ತಗಿರಲೆಂದು ಅಗಸೆ ಎಣ್ಣೆ ಬೆರೆಸಿ, ಬಣ್ಣ ಬಳಿಯುವ ಬ್ರಷ್ಷಿನಿಂದ ಒಳಗೂ ಹೊರಗೂ ಧಾರಾಳವಾಗಿ ಬಳಿದೆ.

ಶನಿವಾರ ಬೆಳಿಗ್ಗೆ, ಸುನಂದಾ ಶಾಲೆಗೆ ಹೋದ ಮೇಲೆ, ಇಸ್ತ್ರಿಗೆ ನಿಂತೆ. ಕಾಗದವಿಟ್ಟೆ. ಇಸ್ತ್ರಿಪೆಟ್ಟಿಗೆಯನ್ನು ಬೆನ್ನಿನ ನಡುವೆ ಇಟ್ಟೆ. ಆಗ ಅಂಗಡಿಯಲ್ಲಿ ಯಾರೋ ಬೆಲ್ಲ ಕೇಳಿದರು. ವ್ಯಾಪಾರ ಎಂದರೆ ವ್ಯಾಪಾರ. ಬೆಲ್ಲ ತೂಗಿ ತಿರುಗಿ ಬರುವಷ್ಟರಲ್ಲಿ ಹೊಗೆ ಏಳುತ್ತಿತ್ತು. ಇಸ್ತ್ರಿಪೆಟ್ಟಿಗೆ ಎತ್ತಿದರೆ ಬೆನ್ನಿನ ಮೇಲೆ ಅದರದೇ ಆಕಾರದಲ್ಲಿ ಒಂದು ದೊಡ್ಡ ಬೊಬ್ಬೆ. ಮುಂಭಾಗವೆಲ್ಲ ಮೇಣ ಹೆಪ್ಪುಗಟ್ಟಿ ಬಿರುಸಾಗಿತ್ತು. ಗೂಟಕ್ಕೆ ಹಾಕಲು ಹೋದೆ, ಬೇಕಾಗಲಿಲ್ಲ. ಜರ್ಕಿನ್ ನೆಲದ ಮೇಲೆ ತಾನೇ ನಿಂತುಕೊಂಡಿತು!

ಇನ್ನೂ ಒಂದು ದಿನ ಕೈಯಲ್ಲಿದೆ, ಏನಾದರೂ ಮಾಡೋಣ ಎಂದು ಗಿರಿಜಾಗೆ ಧೈರ್ಯ ಹೇಳುತ್ತಿದ್ದೆ. ಹೊರಗೆ ಮೋಡ ಕವಿದು ಧೋ ಎಂದು ಮಳೆ ಶುರುವಾಯಿತು. ಅದರ ಹಿಂದೆಯೇ ಅಂಗಡಿಯ ಮುಂದೆ ಬೈಕು ನಿಂತ ಸಪ್ಪಳ.

"ಸಾವಕಾರ್ರ, ನನ್ನ ಜರ್ಕಿನ್ ಕೊಡ್ರಿ. ದುಂಡಸಿ ಹತ್ರ ಎಮ್ಮಿ ಈಯಾಕ ತ್ರಾಸ ಪಡಾಕತ್ತೈತಿ. ಕೂಡಾಕ ಟೈಮಿಲ್ಲ."

ಮಂಜುನಾಥ! ತಲೆಯಿಂದ ನೀರಿಳಿಯುತ್ತಿತ್ತು. ಕೆಲಸದ ಮೇಲೆ ಶಿಗ್ಗಾಂವಿಗೆ ಬಂದವನಿಗೆ ಅಲ್ಲಿಂದ ಫೋನ್ ಬಂದಿತ್ತಂತೆ. ನಾನು ಗಿರಿಜಾಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಹುಡುಗನೇ ಪಡಸಾಲೆಗೆ ಬಂದು, ಮೂಲೆಯಲ್ಲಿ ತಾನಾಗಿ ನಿಂತಿದ್ದ ಜರ್ಕಿನ್ನನ್ನು ಎತ್ತಿಕೊಂಡು ತೋಳು ತೂರಿಸಿದ. ಪಟಪಟ ಎಂದು ಮೇಣ ಸೀಳಿತು. ಜಿಪ್ಪು ಅರ್ಧಕ್ಕೆ ಬಂದು ನಿಂತುಬಿಟ್ಟಿತು. ಎರಡೂ ತೋಳು ಮೈಯಿಂದ ದೂರ ಸೆಟೆದುಕೊಂಡಿದ್ದವು. ಯಾಕೋ ಬಿರುಸಾಗಿದೆಯಲ್ಲ ಎಂದ. ತಂಡಿಗೆ ಹಾಗಾಗಿರಬೇಕು ಎಂದೆ. ಮೂಗು ಅರಳಿಸಿ, ಏನೋ ಹುಳಿ ವಾಸನೆ ಬರುತ್ತಿದೆ ಎಂದ.

"ಒಳಗ ಸಾರು ಕುದಿಯಾಕತ್ತೈತ್ರಿ," ಎಂದಳು ಗಿರಿಜಾ. ನನ್ನ ಗದ್ದಲದಲ್ಲಿ ಅಂದು ನಮ್ಮ ಮನೆಯಲ್ಲಿ ಒಲೆಯನ್ನೇ ಹಚ್ಚಿರಲಿಲ್ಲ.

ಪಾಪ, ಎಮ್ಮೆಯ ಚಿಂತೆಯಲ್ಲಿದ್ದ ಹುಡುಗ ಹೆಚ್ಚು ಕೇಳಲಿಲ್ಲ. ಬೆನ್ನು ತಿರುಗಿಸಿ ಹೊರಟ. ಬೆನ್ನ ಮೇಲೆ ಇಸ್ತ್ರಿಪೆಟ್ಟಿಗೆಯ ಬೊಬ್ಬೆ ನಮ್ಮನ್ನೇ ನೋಡುತ್ತ ಮಳೆಯಲ್ಲಿ ಮರೆಯಾಯಿತು.

ಶನಿವಾರ ಅರ್ಧ ದಿನದ ಶಾಲೆ. ಸುನಂದಾ ಬಂದಳು. ಖಾಲಿ ಗೂಟ ನೋಡಿದಳು, ಹಿತ್ತಲಿನ ಬುಟ್ಟಿ ನೋಡಿದಳು, ಮೇಣ ಮೆತ್ತಿದ ಪಾತ್ರೆ ನೋಡಿದಳು. ಗಿರಿಜಾ ಎಲ್ಲವನ್ನೂ ಹೇಳಿಬಿಟ್ಟಳು. ನಾನು ನನ್ನ ಕೊನೆಯ ಅಸ್ತ್ರವಾಗಿ ಗಲ್ಲೆಯ ಮೇಲಿದ್ದ ಚೀಟಿಯನ್ನು ತಂದು ಮಗಳ ಮುಂದೆ ಹಿಡಿದೆ. ವಿಷ ಫ್ರೀ ಕೊಟ್ಟಿದ್ದಾರೆ ನೋಡು ಎಂದೆ. ಅವಳು ಓದಿದಳು. ಆಮೇಲೆ ಒಂದನೇ ತರಗತಿಯ ಹುಡುಗನಿಗೆ ಹೇಳುವ ಹಾಗೆ ಮೆಲ್ಲಗೆ ಹೇಳಿದಳು.

"ಅಪ್ಪಾ, ಇಲ್ಲಿ ಫ್ರೀ ಅಂದ್ರ ಪುಕ್ಕಟೆ ಅಲ್ಲ. ಇಲ್ಲ ಅಂತ. ಆ ವಿಷ ಇದರಾಗ ಇಲ್ಲ ಅಂತ ಬರದಾರ."

ಇಲ್ಲ! ಇಲ್ಲದ ವಿಷವನ್ನು ತೆಗೆಯಲು ನಾನು ಹುಣಸೆಹಣ್ಣು ಕಿವುಚಿದ್ದೆ. ಆ ರಾಸಾಯನಿಕ ಸೇರಿಸದೆ, ಬೇರೆ ಲೇಪ ಹಚ್ಚಿ ಮಾಡಿದ ಜರ್ಕಿನ್ನನ್ನೇ ಹುಡುಕಿ ಹುಡುಕಿ ತರಿಸಿಕೊಂಡೆ ಎಂದು ಮಂಜುನಾಥ ಅಂದು ಹಿತ್ತಲಲ್ಲಿ ಅವಳ ಜೊತೆ ಮಾತಾಡುವಾಗ ಹೇಳಿದ್ದನಂತೆ. ದನಗಳು ಕುಡಿಯುವ ತೊಟ್ಟಿಯ ಪಕ್ಕದಲ್ಲೇ ಅದನ್ನು ತೊಳೆಯಬೇಕಾಗುತ್ತದೆ, ವಿಷವಿರಬಾರದು ಎಂದಿದ್ದನಂತೆ. "ಆ ಮಾತಿಗೇ ನಾ ಒಪ್ಪಿದ್ದು," ಎಂದಳು ಸುನಂದಾ. ಕಣ್ಣು ತುಂಬಿತ್ತು. ಆದರೆ ಅಳಲಿಲ್ಲ. ಹುಡುಗ ಈ ಮಳೆಯಲ್ಲೇ ಹೋದನೇ ಎಂದಷ್ಟು ಕೇಳಿ ಫೋನ್ ತೆಗೆದುಕೊಂಡು ಒಳಗೆ ಹೋದಳು.

ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಭಯವಾಯಿತು. ಮಗಳು ಮೊದಲ ಸಲ ತಾನಾಗಿ ಬೇಕೆಂದದ್ದನ್ನು ನಾನು ಬುಟ್ಟಿಯಲ್ಲಿ ಅದ್ದಿ ಹಾಳುಮಾಡಿದ್ದೆ. ಅಂಗಡಿಯ ಮುಂದೆ ಮಳೆಗೆಂದು ಕಟ್ಟಿದ್ದ ತಾಡಪತ್ರಿ ಬಿಚ್ಚಿ ಮಡಚಿ, ಬಿಡಿಸಿದ ಕೊಡೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಸ್ಕೂಟರ್ ಹತ್ತಿ ದುಂಡಸಿ ದಾರಿ ಹಿಡಿದೆ. ಊರು ದಾಟುವಷ್ಟರಲ್ಲಿ ಕೊಡೆ ಉಲ್ಟಾ ಆಯಿತು. ಒಂದು ತಿರುವಿನಲ್ಲಿ ಸ್ಕೂಟರ್ ಜಾರಿ, ನಾನೂ ತಾಡಪತ್ರಿಯೂ ಗೋವಿನಜೋಳದ ಹೊಲಕ್ಕೆ ಇಳಿದೆವು. ಎದ್ದು ಮತ್ತೆ ಹತ್ತಿದೆ. ದಾರಿಯುದ್ದಕ್ಕೂ ಹುಡುಗನಿಗೆ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದೆ. "ಮಾನ್ಯರೇ, ಸದುದ್ದೇಶದಿಂದಲೇ ಜರುಗಿದ ಈ ಪ್ರಮಾದವನ್ನು..."

ಕೇಳಿಕೊಂಡು ಹೋಗಿ ಆ ಕೊಟ್ಟಿಗೆ ಮುಟ್ಟಿದಾಗ ಮಂಜುನಾಥ ಒದ್ದೆ ಅಂಗಿಯಲ್ಲಿ ನಡುಗುತ್ತ ಎಮ್ಮೆಯ ಹಿಂದೆ ಮೊಣಕಾಲೂರಿ ಕೂತಿದ್ದ. ಕರು ಅಡ್ಡ ಸಿಕ್ಕಿಕೊಂಡಿತ್ತು. ಎಮ್ಮೆಯ ಯಜಮಾನ ಬೆವರುತ್ತ ಹಗ್ಗ ಹಿಡಿದಿದ್ದ. ಜರ್ಕಿನ್ ಎದುರಿನ ಕಂಬಕ್ಕೆ ನೇತಾಡುತ್ತಿತ್ತು. ಎಮ್ಮೆ ಕತ್ತು ಚಾಚಿ ಅದರ ತೋಳನ್ನು ನೆಕ್ಕುತ್ತಿತ್ತು! ಉಪ್ಪು, ಹುಣಸೆ, ಅಗಸೆ ಎಣ್ಣೆ. ಎಮ್ಮೆಯ ಪಾಲಿಗೆ ಅದು ಜರ್ಕಿನ್ ಅಲ್ಲ, ಉಪ್ಪಿನಕಾಯಿ.

ನಾನು ಕೈಜೋಡಿಸಿ "ಮಾನ್ಯರೇ" ಎಂದೆ.

"ಮಾತು ಆಮ್ಯಾಲೆ ಸಾವಕಾರ್ರ. ಆ ಜರ್ಕಿನ್ ಬಿಚ್ಚಿ ಹಿಡಕೊಂಡು ಎಮ್ಮಿ ಮುಂದ ನಿಂದರ್ರಿ. ನೆಕ್ಕೂತನಕ ಅದು ಹಂದಾಡೂದಿಲ್ಲ."

ನಿಂತೆ. ಎಮ್ಮೆ ಮೊದಲು ತೋಳು ಮುಗಿಸಿತು, ಆಮೇಲೆ ಕಾಲರ್ ಹಿಡಿಯಿತು, ನಡುನಡುವೆ ನನ್ನ ಕೈಯನ್ನೂ ಬಿಡಲಿಲ್ಲ. ಅದು ಒಮ್ಮೆ ನರಳಿತು. ಹುಡುಗನ ಕೈ ಮೊಣಕೈ ದಾಟಿ ಒಳಗೆ ಹೋಗಿತ್ತು, ಹಲ್ಲು ಕಚ್ಚಿದ್ದ. ಕರು ಬದುಕಿದೆಯೋ ಇಲ್ಲವೋ ಯಾರಿಗೂ ತಿಳಿಯದು. ಮಳೆ ತಗಡಿನ ಮೇಲೆ ಒಂದೇ ಸಮನೆ ಬಡಿಯುತ್ತಿತ್ತು. ನಾನು ಜರ್ಕಿನ್ ಹಿಡಿದುಕೊಂಡು ಮನಸ್ಸಿನಲ್ಲೇ ಬೇಡಿಕೊಂಡೆ. ಎಮ್ಮೆಗೋ, ಕರುವಿಗೋ, ಮಗಳಿಗೋ, ಯಾರಿಗೆ ಬೇಡಿಕೊಂಡೆನೋ ನನಗೇ ಗೊತ್ತಿಲ್ಲ. ಕೊನೆಗೆ ಮಂಜುನಾಥ ಒಳಗಿನ ಕಾಲನ್ನು ಸರಿಗೆ ತಂದು ಎಳೆದ. ಕರು ನೆಲಕ್ಕೆ ಬಿತ್ತು, ಸೀನಿತು, ತಲೆ ಕೊಡವಿತು. ಯಜಮಾನ ಹಗ್ಗ ಬಿಟ್ಟು ಕಣ್ಣೊರೆಸಿಕೊಂಡ. ನಾನೂ ಒರೆಸಿಕೊಂಡೆ, ಎಮ್ಮೆ ನೆಕ್ಕಿದ ಕೈಯಿಂದಲೇ.

ಹುಡುಗ ಕೈ ತೊಳೆದುಕೊಂಡು ಬಂದ. ನಾನು ಬಾಯಿಪಾಠ ಶುರುಮಾಡುವ ಮೊದಲೇ, ಸುನಂದಾ ಫೋನ್ ಮಾಡಿ ಎಲ್ಲ ಹೇಳಿದ್ದಾಳೆ ಎಂದ. ಅವನು ಜರ್ಕಿನ್ನಿನ ಬೆನ್ನ ಮೇಲಿನ ಬೊಬ್ಬೆಯನ್ನು ಬೆರಳಿನಿಂದ ಮುಟ್ಟಿ ನೋಡಿದ. ತುಟಿ ಕಚ್ಚಿ ಹಿಡಿದ ನಗು ತಡೆಯಲಾರದೆ ಹೊರಗೆ ಬಂತು.

"ಮಾವಾರ, ಆ ವಿಷ ಒಮ್ಮೆ ಹಾಕಿದ್ರ ಹುಣಸಿಹಣ್ಣಿಗೂ ಹೋಗೂದಿಲ್ಲ, ಸೋಡಾಕ್ಕೂ ಹೋಗೂದಿಲ್ಲ. ಮೊದಲ ಹಾಕದಂಗ ನೋಡಬೇಕು, ಅಷ್ಟ."

ವಿಜ್ಞಾನದ ಮಾತು ನನ್ನ ಕಿವಿಗೆ ಬೀಳಲೇ ಇಲ್ಲ. ಮಾವಾರ ಎಂದನಲ್ಲ! ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟೆ. ಆಮೇಲೆ ಇಬ್ಬರೂ ಒಂದೇ ತಾಡಪತ್ರಿ ಹೊದ್ದು ಮಳೆ ನಿಲ್ಲುವವರೆಗೆ ಚಹಾ ಕುಡಿದೆವು. ಅವನು ಚಹಾ ಕುಡಿಯುವಾಗ ಸಪ್ಪಳ ಮಾಡಲಿಲ್ಲ. ನಾನು ಮಾಡಿದೆ.

ಆದರೆ ಹುಡುಗ ಅಂದರೆ ಆಯಿತೇ? ಅವನ ತಾಯಿಯ ಮಾತು ಬಾಕಿಯಿತ್ತು. ಎರಡು ದಿನ ಫೋನಿಲ್ಲ. ಹುಡುಗನಿಗೆ ನೆಗಡಿ ಹತ್ತಿ ಜ್ವರ ಬಂದಿದೆ, ಜರ್ಕಿನ್ ಇದ್ದೂ ಹೇಗೆ ತೋಯ್ದೆ ಎಂದು ಮನೆಯಲ್ಲಿ ವಿಚಾರಣೆ ನಡೆದಿದೆ ಎಂದು ಸುನಂದಾಳಿಂದ ತಿಳಿಯಿತು. ನಮ್ಮ ಮನೆಯಲ್ಲಿ ಊಟ ಸೇರಲಿಲ್ಲ. ಗಿರಿಜಾ ನನ್ನ ಜೊತೆ ಸನ್ನೆಯಲ್ಲೇ ಮಾತಾಡುತ್ತಿದ್ದಳು. ಮೂರನೆಯ ದಿನ ಹಿರೇಕೆರೂರಿನಿಂದ ಫೋನ್ ಬಂತು. ಗಿರಿಜಾ ಸ್ಪೀಕರ್ ಒತ್ತಿದಳು. ಸುನಂದಾ ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಹುಡುಗಿ ನಮಗ ಒಪ್ಪಿಗಿ ಐತ್ರಿ. ಆದ್ರ ಒಂದ ಮಾತು ನಡಸಿ ಕೊಡಬೇಕ್ರಿ," ಎಂದರು ಹುಡುಗನ ತಾಯಿ.

ಏನು ಕೇಳುತ್ತಾರೋ! ನಾನು ಗೋಡೆಗೆ ಒರಗಿದೆ. ಏನಿದ್ದರೂ ಹೇಳಿ ಎಂದಳು ಗಿರಿಜಾ.

"ಮದುವ್ಯಾಗ ವರನ ಬಟ್ಟಿ ಹೆಣ್ಣಿನ ಕಡ್ಯಾವರು ತರೂದು ಪದ್ಧತಿ. ಅದು ಬ್ಯಾಡ್ರಿ. ನಮ್ಮ ಹುಡುಗನ ಬಟ್ಟಿ ನಾವ ತರ್ತೇವಿ. ಬೀಗರು ಅದನ್ನ ಮುಟ್ಟೂದು ಬ್ಯಾಡ."

ಈ ಷರತ್ತಿಗೆ ನನ್ನ ಹೆಂಡತಿ ಮತ್ತು ಮಗಳು ನನ್ನನ್ನು ಒಂದು ಮಾತೂ ಕೇಳದೆ ಒಟ್ಟಿಗೇ ಒಪ್ಪಿಗೆ ಕೊಟ್ಟರು.

ಮದುವೆ ಸಾಂಗವಾಗಿ ನಡೆಯಿತು. ಅಕ್ಷತೆಯ ಹೊತ್ತಿಗೆ ಅಳಿಯನ ಕೋಟಿನ ಕಾಲರ್ ಒಂದು ಕಡೆ ಮಡಚಿಕೊಂಡಿದ್ದು ಕಂಡಿತು. ಸರಿಮಾಡೋಣವೆಂದು ಕೈ ಚಾಚಿದೆ, ಅಷ್ಟೇ. ಗಿರಿಜಾ ಒಂದು ಕಡೆಯಿಂದ, ಬೀಗಿತ್ತಿ ಇನ್ನೊಂದು ಕಡೆಯಿಂದ, ಬಾಸಿಂಗ ಕಟ್ಟಿಕೊಂಡ ಮದುಮಗಳು ಎದುರಿನಿಂದ, ಮೂವರೂ ಗಬಕ್ಕನೆ ನನ್ನ ಕೈ ಹಿಡಿದರು. ಫೋಟೋದವನು ಅದೇ ಕ್ಷಣ ಗುಂಡಿ ಒತ್ತಿದ. ಆ ಫೋಟೋ ನೋಡಿದವರೆಲ್ಲ, ಮಗಳನ್ನು ಕಳಿಸುವ ದುಃಖಕ್ಕೆ ತಂದೆ ಕುಸಿದು ಬೀಳುತ್ತಿದ್ದಾನೆ, ಮನೆಯವರು ಹಿಡಿದು ನಿಲ್ಲಿಸಿದ್ದಾರೆ ಎಂದು ತಿಳಿದು ಕಣ್ಣೊರೆಸಿಕೊಳ್ಳುತ್ತಾರೆ. ನಾನೂ ಎಲ್ಲರಿಗೂ ಹಾಗೆಂದೇ ಹೇಳುತ್ತಿದ್ದೇನೆ.